ಹೊಕ್ಕುಳ ಬಳ್ಳಿಯ ನೆತ್ತರು

ಹಿಂದೆ ನಮ್ಮ ಹಳ್ಳಿಗಳಲ್ಲಿ ಹೆರಿಗೆಯಾದ ಮನೆಯ ಗಂಡಸರಿಗೆ ಒಂದು ಕೆಲಸ ತಪ್ಪುತ್ತಿರಲಿಲ್ಲ. ಸೂಲಗಿತ್ತಿಯು ಮಗುವಿನ ಹೊಕ್ಕುಳ ಬಳ್ಳಿಯನ್ನು ಕೊಯ್ದು, ಮಾಸು ಬಿದ್ದ ಮೇಲೆ, ಅದನ್ನು ಹಿತ್ತಿಲಲ್ಲಿ ನಾಯಿ ಕೆದಕದಷ್ಟು ಆಳವಾಗಿ ಹುಗಿದು ಬರಬೇಕು. ಆಡುಮಾತಿನಲ್ಲಿ ಈ ಮಾಸಿಗೆ ‘ಕಸ’ ಎಂದೇ ಹೆಸರು. ಕಸವೆಂದು ಕರೆದರೂ ಅದನ್ನು ಯಾರೂ ತಿಪ್ಪೆಗೆ ಎಸೆಯುತ್ತಿರಲಿಲ್ಲ ಎಂಬುದನ್ನು ಕೇಳುಗರು ಗಮನಿಸಬೇಕು. ಒಂಬತ್ತು ತಿಂಗಳು ಮಗುವಿಗೆ ಅನ್ನ, ನೀರು, ಉಸಿರು ಎಲ್ಲವೂ ಆಗಿದ್ದ ವಸ್ತು ಅದು. ಕರುಳ ಬಳ್ಳಿಯ ಸಂಬಂಧ ಎಂಬ ಮಾತು ನಮ್ಮ ನುಡಿಯಲ್ಲಿ ಸುಮ್ಮನೆ ಹುಟ್ಟಿದ್ದಲ್ಲ.

ಮಗು ಹುಟ್ಟಿ, ಬಳ್ಳಿಯನ್ನು ಕೊಯ್ದ ಮೇಲೂ ಆ ಬಳ್ಳಿಯಲ್ಲಿ ಮತ್ತು ಮಾಸಿನಲ್ಲಿ ಸ್ವಲ್ಪ ರಕ್ತ ಉಳಿದಿರುತ್ತದೆ. ಹೆಚ್ಚಲ್ಲ, 80ರಿಂದ 100 ಮಿಲಿಲೀಟರು. ಒಂದು ಸಣ್ಣ ಲೋಟ ಕಾಫಿಯಷ್ಟು. ಇಂದು ನಾನು ಹೇಳಹೊರಟಿರುವುದು ಆ ಒಂದು ಲೋಟ ರಕ್ತದ ಕಥೆ.

ಕನ್ನಡ ಪಾಠ ಹೇಳುವ ಪಂಡಿತನಿಗೆ ಈ ವೈದ್ಯದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. 2022ನೆಯ ಇಸವಿಯ ಆರಂಭದಲ್ಲಿ ಒಂದು ರಾತ್ರಿ ನನಗೆ ಅಮೆರಿಕದಿಂದ ದೂರವಾಣಿ ಬಂತು. ಮಾತನಾಡಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಆರು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರು. ಒಮ್ಮೆ ಗುಣವಾಗಿ ಮತ್ತೆ ಮರುಕಳಿಸಿತ್ತು. ಬೇರೆಯವರ ಮೂಲಕಣಗಳನ್ನು ಮೈಗೆ ಸೇರಿಸುವುದೊಂದೇ ದಾರಿ ಎಂದು ವೈದ್ಯರು ಹೇಳಿದ್ದರು. ಒಡಹುಟ್ಟಿದವರಾರೂ ಇಲ್ಲ. ದಾನಿಗಳ ಪಟ್ಟಿಯಲ್ಲಿ ಪೂರ್ತಿ ಹೊಂದುವವರು ಸಿಗಲಿಲ್ಲ. “ಮೇಷ್ಟ್ರೇ, ಯಾವುದೋ ಮಗುವಿನ ಹೊಕ್ಕುಳ ಬಳ್ಳಿಯ ರಕ್ತ ಸಿಕ್ಕಿದೆಯಂತೆ. ಆರಕ್ಕೆ ನಾಲ್ಕು ಮಾತ್ರ ಹೊಂದುತ್ತದೆಯಂತೆ. ಅದೇ ಸಾಕು ಅನ್ನುತ್ತಿದ್ದಾರೆ. ಸಾಕಾಗುತ್ತದೆಯೇ?” ಎಂದಳು.

ನನಗೇನು ಗೊತ್ತು? ಆದರೂ ಮೇಷ್ಟ್ರ ಚಪಲ. “ಪೂರ್ತಿ ಹೊಂದುವುದು ಸಿಗುವವರೆಗೆ ಸ್ವಲ್ಪ ಕಾಯಬಾರದೇನಮ್ಮಾ?” ಎಂದುಬಿಟ್ಟೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಕಾಯುವುದಕ್ಕೆ ಸಮಯವಿಲ್ಲ ಮೇಷ್ಟ್ರೇ” ಎಂದಳು. ತಿಳಿಯದೆ ಸಲಹೆ ಕೊಟ್ಟ ನಾಚಿಕೆಯಿಂದಲೇ ಮರುದಿನದಿಂದ ಈ ವಿಷಯವನ್ನು ಓದತೊಡಗಿದೆ. ತಿಳಿದ ವೈದ್ಯರನ್ನು ಕೇಳಿ ತಪ್ಪುಗಳನ್ನು ತಿದ್ದಿಕೊಂಡೆ.

ಮೊದಲು ಈ ‘ಹೊಂದುವುದು’ ಎಂದರೇನು ಎಂಬುದನ್ನು ನೋಡೋಣ. ನಮ್ಮ ವಚನಕಾರರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಅಂಕಿತವಿರುವುದು ನಿಮಗೆ ಗೊತ್ತು. ಕೂಡಲಸಂಗಮದೇವ ಎಂದು ಕಂಡರೆ ಬಸವಣ್ಣನವರದು. ಚೆನ್ನಮಲ್ಲಿಕಾರ್ಜುನ ಎಂದು ಕಂಡರೆ ಅಕ್ಕನದು. ಹಾಗೆಯೇ ನಮ್ಮ ಮೈಯ ಹೆಚ್ಚುಕಡಮೆ ಪ್ರತಿಯೊಂದು ಜೀವಕಣವೂ ತನ್ನ ಹೊರಮೈಮೇಲೆ ಅಂಕಿತವನ್ನು ಹೊತ್ತಿರುತ್ತದೆ. ವೈದ್ಯರು ಇದನ್ನು ಎಚ್.ಎಲ್.ಎ. ಎಂದು ಕರೆಯುತ್ತಾರೆ. ಪ್ಯಾರಿಸ್ಸಿನ ಜಾನ್ ದೊಸ್ಸೆ ಎಂಬುವರು 1958ರಲ್ಲಿ ಇಂಥ ಗುರುತುಗಳಲ್ಲಿ ಮೊದಲನೆಯದನ್ನು ಕಂಡುಹಿಡಿದರು. 1980ರಲ್ಲಿ ಆ ಕೆಲಸಕ್ಕಾಗಿ ಅವರಿಗೆ ನೊಬೆಲ್ ಪಾರಿತೋಷಕದ ಪಾಲು ಬಂತು. ಈ ಅಂಕಿತಗಳ ಅರ್ಧ ತಂದೆಯಿಂದ, ಇನ್ನರ್ಧ ತಾಯಿಯಿಂದ ಬರುತ್ತದೆ. ಆದುದರಿಂದ ಒಡಹುಟ್ಟಿದ ಇಬ್ಬರು ಪೂರ್ತಿ ಹೊಂದುವ ಸಂಭವ ನಾಲ್ಕಕ್ಕೆ ಒಂದು ಮಾತ್ರ. ಬಳ್ಳಿಯ ರಕ್ತದ ಲೆಕ್ಕದಲ್ಲಿ ಮುಖ್ಯವಾಗಿ ನೋಡುತ್ತ ಬಂದಿರುವುದು ಎ, ಬಿ, ಡಿ.ಆರ್. ಎಂಬ ಮೂರು ಜಾಗಗಳನ್ನು. ಒಂದೊಂದರಲ್ಲೂ ಎರಡೆರಡು, ಒಟ್ಟು ಆರು. ಆರಕ್ಕೆ ನಾಲ್ಕು ಎಂದರೆ ಇದೇ.

ಅಂಕಿತವನ್ನು ಓದುವವರೂ ಬೇಕಲ್ಲ! ರಕ್ತದಲ್ಲಿ ಟಿ ಕಣ ಎಂಬ ಬಿಳಿಯ ಕಣಗಳಿವೆ. ಇವು ಮೈಯೆಲ್ಲ ಸುತ್ತುತ್ತ ಎದುರಾದ ಕಣದ ಅಂಕಿತವನ್ನು ತಡವಿ ನೋಡುತ್ತವೆ. ತಮ್ಮದಾದರೆ ಸುಮ್ಮನೆ ಮುಂದೆ ಹೋಗುತ್ತವೆ, ಪರಕೀಯವಾದರೆ ಕೊಲ್ಲುತ್ತವೆ. ಈ ಓದನ್ನು ಅವು ಕಲಿಯುವುದು ಎದೆಯ ಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ. ಆ ಶಾಲೆಯ ಪರೀಕ್ಷೆ ಬಲು ಬಿಗಿ. ಸೇರಿದ 100 ಕಣಗಳಲ್ಲಿ 95ಕ್ಕೂ ಹೆಚ್ಚು ಅಲ್ಲಿಯೇ ನಪಾಸಾಗಿ ಸಾಯುತ್ತವೆ. ತನ್ನವರನ್ನೇ ಶತ್ರುವೆಂದು ಓದಿದರೂ ಸಾವು, ಏನನ್ನೂ ಓದಲಾರದಿದ್ದರೂ ಸಾವು. ನಮ್ಮ ಶಾಲೆಯಲ್ಲಿ ಇಂಥ ಫಲಿತಾಂಶ ಬಂದರೆ ಮೇಲಧಿಕಾರಿಗಳು ನಮ್ಮನ್ನು ಉಳಿಸುವರೇ?

ಇನ್ನು ಮೂಲಕಣಗಳ ವಿಚಾರ. ಪತ್ರಿಕೆಗಳಲ್ಲಿ ಇದನ್ನು ‘ಕಾಂಡಕೋಶ’ ಎನ್ನುತ್ತಾರೆ. ನನಗೇನೋ ಆ ಮಾತು ಒಗ್ಗುವುದಿಲ್ಲ. ಎಲ್ಲ ರಕ್ತಕಣಗಳೂ ಹುಟ್ಟಿಬರುವ ಮೂಲ ಅದು. ಕಾಂಡಕ್ಕಿಂತ ಬೇರು ಎಂದರೆ ಸರಿಹೋದೀತು. ಆಯುರ್ವೇದದ ಸಪ್ತಧಾತುಗಳಲ್ಲಿ ರಕ್ತ ಎರಡನೆಯದು, ಮಜ್ಜೆ ಆರನೆಯದು. ಮೂಳೆಯಿಂದ ಮಜ್ಜೆ ಎಂದು ನಾವು ಓದಿದ್ದೆವು. 1868ರಲ್ಲಿ ಕ್ಯೋನಿಗ್ಸ್‌ಬರ್ಗಿನ ನಾಯ್ಮನ್ ಎಂಬ ಪಂಡಿತರು ರಕ್ತಕಣಗಳೇ ಮಜ್ಜೆಯಲ್ಲಿ ಹುಟ್ಟುತ್ತವೆಂದು ತೋರಿಸಿ ಆ ಸಾಲನ್ನು ತಿರುಗುಮುರುಗು ಮಾಡಿದರು. ಮಜ್ಜೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ಹಾಕುವ ಚಿಕಿತ್ಸೆಯನ್ನು ಬಹುಕಾಲ ಪಟ್ಟುಹಿಡಿದು ಸಾಧಿಸಿದ ಅಮೆರಿಕದ ಡೊನಾಲ್ ಥಾಮಸ್ಸರಿಗೆ 1990ರಲ್ಲಿ ನೊಬೆಲ್ ದೊರೆಯಿತು. ನಮ್ಮ ದೇಶದಲ್ಲಿ ಇದು ಮೊದಲು ನಡೆದುದು 1983ರಲ್ಲಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ.

ಮಜ್ಜೆಯಲ್ಲಿರುವ ಮೂಲಕಣಗಳೇ ನವಜಾತ ಶಿಶುವಿನ ಬಳ್ಳಿಯ ರಕ್ತದಲ್ಲಿಯೂ ಇವೆ. ಅಮೆರಿಕದ ಇಂಡಿಯಾನಾದ ಬ್ರಾಕ್ಸ್‌ಮೈಯರ್ ಎಂಬ ವಿಜ್ಞಾನಿಯು ಇದನ್ನು ಅಳೆದು ನೋಡಿ, ಚಿಕಿತ್ಸೆಗೆ ಇಷ್ಟೇ ಸಾಕಾದೀತು ಎಂದರು. 1988ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಎಲಿಯಾನ್ ಗ್ಲುಕ್‌ಮನ್ ಎಂಬ ವೈದ್ಯೆ ಅದನ್ನು ಮಾಡಿಯೇ ತೋರಿಸಿದರು. ರೋಗಿಯು ಅಮೆರಿಕದ ಉತ್ತರ ಕೆರೊಲಿನಾದ ಐದು ವರ್ಷದ ಬಾಲಕ. ಫ್ಯಾಂಕೋನಿ ರಕ್ತಹೀನತೆ ಎಂಬ, ಮಜ್ಜೆಯು ಬತ್ತಿಹೋಗುವ ರೋಗ. ಅವನಿಗೆ ಆಗತಾನೆ ತಂಗಿ ಹುಟ್ಟಿದ್ದಳು. ಅವಳ ಬಳ್ಳಿಯ ರಕ್ತವನ್ನು ಶೈತ್ಯದಲ್ಲಿ ಹೆಪ್ಪುಗಟ್ಟಿಸಿ, ವಿಮಾನದಲ್ಲಿ ಪ್ಯಾರಿಸ್ಸಿಗೆ ಒಯ್ದು ಅಣ್ಣನಿಗೆ ಕೊಟ್ಟರು. ಹುಡುಗ ಬದುಕಿ ಬೆಳೆದು ದೊಡ್ಡವನಾದ.

ಅದು ಪೂರ್ತಿ ಹೊಂದಿದ ಒಡಹುಟ್ಟು. ಪರರ ಮಕ್ಕಳ, ಅರೆಬರೆ ಹೊಂದಿದ ರಕ್ತ ಆಗುವುದೆ ಎಂಬುದು ಮುಂದಿನ ಪ್ರಶ್ನೆ. 1992ರಲ್ಲಿ ನ್ಯೂಯಾರ್ಕಿನ ರಕ್ತಕೇಂದ್ರದಲ್ಲಿ ಪಾಬ್ಲೊ ರುಬಿನ್‌ಸ್ಟೈನ್ ಎಂಬುವರು, ಯಾರು ಬೇಕಾದರೂ ಪಡೆಯಬಹುದಾದ ಬಳ್ಳಿರಕ್ತದ ಭಂಡಾರವನ್ನು ತೆರೆದರು. 1996ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಜೋನ್ ಕರ್ಟ್ಸ್‌ಬರ್ಗ್ ಮತ್ತು ಅವರ ಜೊತೆಯವರು 25 ಮಂದಿ ರೋಗಿಗಳ ವರದಿಯನ್ನು ಪ್ರಕಟಿಸಿದರು, ಹೆಚ್ಚಿನವರು ಮಕ್ಕಳು. ಬಹುತೇಕ ಎಲ್ಲರಿಗೂ ಒಂದೋ ಎರಡೋ ಮೂರೋ ಅಂಕಿತಗಳು ಹೊಂದದ ರಕ್ತವನ್ನೇ ಕೊಟ್ಟಿದ್ದರು. ದೊಡ್ಡವರ ಮಜ್ಜೆಯಲ್ಲಿ ಇಷ್ಟು ವ್ಯತ್ಯಾಸವಿದ್ದರೆ ಯಾವ ಅನಾಹುತವಾಗಬೇಕಿತ್ತೋ ಅದು ಅಷ್ಟರಮಟ್ಟಿಗೆ ಆಗಲಿಲ್ಲ.

ಯಾವ ಅನಾಹುತ? ಇಲ್ಲಿ ಜಗಳ ಎರಡು ಬಗೆ. ಮನೆಗೆ ಬಂದ ಹೊಸಬರನ್ನು ಮನೆಯವರು ಹೊರದಬ್ಬುವುದು ಒಂದು. ಇದನ್ನು ತಡೆಯಲು ಮೊದಲೇ ಬಲವಾದ ಔಷಧಿಯಿಂದ, ಕೆಲವು ವೇಳೆ ಕಿರಣದಿಂದ, ರೋಗಿಯ ಸ್ವಂತ ಮಜ್ಜೆಯನ್ನು ಬರಿದು ಮಾಡುತ್ತಾರೆ. ಎರಡನೆಯದು ವಿಚಿತ್ರವಾದದ್ದು: ಬಂದ ಹೊಸಬರೇ ಮನೆಯವರ ಮೇಲೆ ಬೀಳುವುದು. ದಾನಿಯ ಟಿ ಕಣಗಳಿಗೆ ರೋಗಿಯ ಮೈಯೇ ಪರದೇಶ. ಚರ್ಮ, ಕರುಳು, ಯಕೃತ್ತು ಈ ಮೂರರ ಮೇಲೆ ಅವುಗಳ ಕೋಪ ಹೆಚ್ಚು. ಮೈಯೆಲ್ಲ ಕೆಂಪು ದದ್ದು, ನಿಲ್ಲದ ಭೇದಿ, ಕಾಮಾಲೆ. ಜೋರಾದರೆ ಪ್ರಾಣಕ್ಕೇ ಸಂಚಕಾರ. ದೊಡ್ಡವರ ಮಜ್ಜೆಗೆ ಅಂಕಿತಗಳು ಬಿಗಿಯಾಗಿ ಹೊಂದಲೇಬೇಕೆಂದು ವೈದ್ಯರು ಹಟಹಿಡಿಯುತ್ತಿದ್ದುದು ಇದಕ್ಕಾಗಿಯೇ.

ಬಳ್ಳಿಯ ರಕ್ತದಲ್ಲಿ ಈ ಕೋಪ ಕಡಿಮೆ. ಏಕೆಂದರೆ ಅದರ ಟಿ ಕಣಗಳು ಇನ್ನೂ ಯಾವ ಯುದ್ಧವನ್ನೂ ಕಂಡಿಲ್ಲ. ದೊಡ್ಡವರ ರಕ್ತದಲ್ಲಿ ನೂರು ಜ್ವರ ಕಂಡು ಪಳಗಿದ ಸಿಪಾಯಿಗಳಿರುತ್ತಾರೆ. ಕೂಸಿನ ರಕ್ತದಲ್ಲಿರುವುದು ಸ್ಲೇಟು ಹಿಡಿದು ಮೊದಲ ದಿನ ಶಾಲೆಗೆ ಬಂದ ಮಕ್ಕಳು. ಇದಲ್ಲದೆ ಇನ್ನೊಂದು ಕಾರಣವೂ ಉಂಟು. ಅದು ನನಗೆ ಬಹಳ ಹಿಡಿಸಿತು.

ಗರ್ಭದಲ್ಲಿರುವ ಮಗುವಿಗೆ ತಾಯಿ ಅರ್ಧ ಪರಕೀಯಳು. ತಾಯಿಯ ಅಂಕಿತಗಳಲ್ಲಿ ಅರ್ಧ ಮಾತ್ರ ಮಗುವಿಗೆ ಬಂದಿವೆ. ಉಳಿದರ್ಧ ಅದರ ಪಾಲಿಗೆ ಅನ್ಯ. ತಾಯಿಯ ಕೆಲವು ಕಣಗಳು ಮಾಸನ್ನು ದಾಟಿ ಮಗುವಿನೊಳಗೆ ಹೋಗುತ್ತಲೂ ಇರುತ್ತವೆ. ಆದರೂ ಮಗುವು ತಾಯಿಯ ಮೇಲೆ ಯುದ್ಧ ಹೂಡುವುದಿಲ್ಲ. 1945ರಲ್ಲಿ ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ರೇ ಓವೆನ್ ಎಂಬ ತರುಣ ವಿಜ್ಞಾನಿ ದನಗಳ ಅವಳಿ ಕರುಗಳನ್ನು ಪರೀಕ್ಷಿಸಿದರು. ಗರ್ಭದಲ್ಲಿ ಅವುಗಳ ರಕ್ತನಾಳಗಳು ಕೂಡಿಕೊಂಡಿರುತ್ತವೆ. ಹೀಗಾಗಿ ಒಂದು ಕರುವಿನ ರಕ್ತದಲ್ಲಿ ಇನ್ನೊಂದರ ಬಗೆಯ ಕಣಗಳು ಬೆಳೆದು ದೊಡ್ಡದಾದ ಮೇಲೂ ಯಾವ ಜಗಳವೂ ಇಲ್ಲದೆ ಬಾಳುತ್ತಿದ್ದುವು! ಗರ್ಭದಲ್ಲಿ ಪರಿಚಯವಾದವರನ್ನು ಮೈಯು ಮುಂದೆ ತನ್ನವರೆಂದೇ ಬಗೆಯುತ್ತದೆ ಎಂಬ ತತ್ವ ಇಲ್ಲಿಂದ ಹೊರಟಿತು. ಇದರ ಮೇಲೆ ದುಡಿದ ಬರ್ನೆಟ್ ಮತ್ತು ಮೆಡಾವರ್ ಅವರಿಗೆ 1960ರಲ್ಲಿ ನೊಬೆಲ್ ಬಂತು. ಕರುಗಳನ್ನು ನೋಡಿದ ಓವೆನ್ನರಿಗೆ ಬರಲಿಲ್ಲ. 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿಜ್ಞಾನಿಗಳು, ಮಗುವಿನ ಮೈಯಲ್ಲಿ ತಾಯಿಯ ವಿರುದ್ಧ ಏಳುವ ಕೋಪವನ್ನು ಶಮನ ಮಾಡುವ ವಿಶೇಷ ಟಿ ಕಣಗಳು ಗರ್ಭದಲ್ಲಿಯೇ ಹುಟ್ಟುವುದನ್ನು ಕಂಡರು. ಅದರ ಮರುವರ್ಷ ನ್ಯೂಯಾರ್ಕಿನ ಭಂಡಾರದ ಲೆಕ್ಕಗಳಿಂದ ಇನ್ನೊಂದು ವಿಷಯ ಹೊರಬಿತ್ತು. ರೋಗಿಯಲ್ಲಿ ಹೊಂದದಿರುವ ಅಂಕಿತವು ದಾನಿ ಮಗುವಿನ ತಾಯಿಯಲ್ಲಿ ಇದ್ದರೆ, ಅಂಥ ರೋಗಿಗಳಲ್ಲಿ ಚಿಕಿತ್ಸೆಯಿಂದಾಗುವ ಸಾವುಗಳು ಕಡಿಮೆ. ಎಂದರೆ ಆ ಕೂಸು ಗರ್ಭದಲ್ಲಿದ್ದಾಗಲೇ ತಾಯಿಯ ಮೂಲಕ ಆ ಅಂಕಿತದ ಪರಿಚಯ ಮಾಡಿಕೊಂಡಿತ್ತು.

ಈ ಸೌಮ್ಯ ಸ್ವಭಾವದಿಂದ ನಮ್ಮಂಥವರಿಗೆ ದೊಡ್ಡ ಲಾಭವಿದೆ. 2014ರಲ್ಲಿ ಅಮೆರಿಕದ ದಾನಿಗಳ ಪಟ್ಟಿಯನ್ನು ಲೆಕ್ಕಹಾಕಿದಾಗ, ಐರೋಪ್ಯ ಮೂಲದ ಬಿಳಿಯರಿಗೆ ಪೂರ್ತಿ ಹೊಂದುವ ದಾನಿ ಸಿಗುವ ಸಂಭವ 100ಕ್ಕೆ 75. ದಕ್ಷಿಣ ಏಷ್ಯಾ ಮೂಲದವರಿಗೆ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ. ಪರದೇಶದಲ್ಲಿ ನೆಲೆಸಿದ ಕನ್ನಡಿಗರ ಮಗುವಿಗೆ ಅಲ್ಲಿ ದಾನಿ ಸಿಗದಿರುವುದು ಆಶ್ಚರ್ಯವಲ್ಲ. ಆರಕ್ಕೆ ನಾಲ್ಕು ಸಾಕು ಎಂದರೆ ಮಾತ್ರ, ಬಹುತೇಕ ಎಲ್ಲ ಮಕ್ಕಳಿಗೂ ಒಂದಲ್ಲ ಒಂದು ಬಳ್ಳಿಯ ರಕ್ತ ಸಿಗುತ್ತದೆ. ಅದು ಆಗಲೇ ಭಂಡಾರದಲ್ಲಿ ಸಿದ್ಧವಾಗಿರುವುದರಿಂದ ದಾನಿಯನ್ನು ಹುಡುಕಿ, ಒಪ್ಪಿಸಿ, ಕರೆತರುವ ಕಾಲವೂ ಉಳಿಯುತ್ತದೆ. ನನ್ನ ವಿದ್ಯಾರ್ಥಿನಿ ಕಾಯುವುದಕ್ಕೆ ಸಮಯವಿಲ್ಲ ಎಂದದ್ದರ ಅರ್ಥ ನನಗೆ ಆಗ ತಿಳಿಯಿತು.

ಹಾಗೆಂದು ಎಲ್ಲವೂ ಸುಗಮವೆಂದು ಭಾವಿಸಬಾರದು. ಸ್ಲೇಟು ಹಿಡಿದ ಮಕ್ಕಳು ಜಗಳವಾಡುವುದಿಲ್ಲ, ನಿಜ. ಆದರೆ ಮನೆಗೆ ಕಳ್ಳ ನುಗ್ಗಿದರೆ ಹೊಡೆಯಲೂ ಬಾರದು. ರಕ್ತ ಸ್ವಲ್ಪವಾದುದರಿಂದ ಮೂಲಕಣಗಳೂ ಕಡಿಮೆ, ಮಜ್ಜೆಯ ಸುಮಾರು ಹತ್ತನೆಯ ಒಂದು ಪಾಲು. ಹೊಸ ಬಿಳಿಯ ಕಣಗಳು ಕಾಣಿಸಿಕೊಳ್ಳಲು ಮೂರು ನಾಲ್ಕು ವಾರ, ಕೆಲವರಲ್ಲಿ ಇನ್ನೂ ಹೆಚ್ಚು ಬೇಕು. ಅಲ್ಲಿಯವರೆಗೆ ಮಗುವು ಗಾಜಿನ ಬಾಗಿಲಿನ ಹಿಂದೆ. ಆಮೇಲೂ ತಿಂಗಳುಗಟ್ಟಲೆ ವೈರಸ್ಸುಗಳ ಭಯ. ನಮ್ಮಲ್ಲಿ ಬಹುಮಂದಿಯ ಮೈಯಲ್ಲಿ ಗೊತ್ತಿಲ್ಲದಂತೆ ಮಲಗಿರುವ ಸಿ.ಎಂ.ವಿ. ಎಂಬ ವೈರಸ್ಸು, ಕಾವಲಿಲ್ಲದ್ದನ್ನು ಕಂಡು ಏಳುತ್ತದೆ. ಹೊಸ ಟಿ ಕಣಗಳು ಸರಿಯಾಗಿ ತಯಾರಾಗಬೇಕಾದರೆ ರೋಗಿಯ ಥೈಮಸ್ಸಿನ ಶಾಲೆ ಮತ್ತೆ ತೆರೆಯಬೇಕು. ಮಕ್ಕಳಲ್ಲಿ ಅದು ಬೇಗ. ವಯಸ್ಸಾದವರಲ್ಲಿ ಆ ಗ್ರಂಥಿ ಕುಗ್ಗಿಹೋಗಿರುವುದರಿಂದ ಬಹಳ ತಡ. ಮೊಲದ ರಕ್ತದಿಂದ ತಯಾರಿಸಿದ ಒಂದು ಔಷಧಿಯನ್ನು ಕೊಟ್ಟು ಟಿ ಕಣಗಳನ್ನು ಅಡಗಿಸುವ ಪದ್ಧತಿಯುಂಟು. ಅದರಿಂದ ಜಗಳ ಕಡಿಮೆಯಾದೀತು. ಆದರೆ ಕಾವಲೂ ಅಷ್ಟೇ ತಡವಾದೀತು. ಎಷ್ಟು ಕೊಡಬೇಕು, ಕೊಡಲೇಬಾರದೆ ಎಂಬುದನ್ನು ವೈದ್ಯರು ಅಳೆದು ಸುರಿದು ನೋಡುತ್ತಾರೆ.

ಕಣಗಳ ಕೊರತೆ ನೀಗಲು ಮಿನ್ನೆಸೋಟದ ಜಾನ್ ವ್ಯಾಗ್ನರ್ ಮತ್ತು ಅವರ ಸಂಗಡಿಗರು ಎರಡು ಮಕ್ಕಳ ಬಳ್ಳಿರಕ್ತವನ್ನು ಒಬ್ಬ ರೋಗಿಗೆ ಕೊಡುವ ಉಪಾಯ ಮಾಡಿದರು. ಆಗ ಒಂದು ತಮಾಷೆ ಕಂಡಿತು. ಕೆಲವು ವಾರ, ತಿಂಗಳುಗಳಲ್ಲಿ ಒಂದು ರಕ್ತ ಮಾತ್ರ ಉಳಿದು ಇನ್ನೊಂದು ಮಾಯವಾಗುತ್ತದೆ. ಒಂದೇ ಅಖಾಡದಲ್ಲಿ ಇಬ್ಬರು ಜಟ್ಟಿಗಳು! ಗೆದ್ದ ರಕ್ತದ ಟಿ ಕಣಗಳೇ ಸೋತದ್ದನ್ನು ಹೊಡೆದುಹಾಕುವುದನ್ನು 2010ರಲ್ಲಿ ಸಿಯಾಟಲ್ಲಿನವರು ತೋರಿಸಿದರು. ಸ್ಲೇಟು ಹಿಡಿದ ಮಕ್ಕಳಿಗೆ ಜಗಳ ಬರುವುದಿಲ್ಲವೆಂದು ಈಗತಾನೆ ಹೇಳಿದೆನಲ್ಲ. ಅದನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಅವು ಬೇಗ ಕಲಿಯುತ್ತವೆ. ಒಂದೇ ಚೀಲದಲ್ಲಿ ಸಾಕಷ್ಟು ಕಣಗಳಿದ್ದರೆ ಮಕ್ಕಳಿಗೆ ಎರಡನೆಯದರಿಂದ ಹೆಚ್ಚಿನ ಲಾಭವಿಲ್ಲವೆಂದು 2014ರಲ್ಲಿ ಗೊತ್ತಾಯಿತು.

ಈ ಜಗಳದಲ್ಲಿ ಒಳ್ಳೆಯದೂ ಇದೆ. ಕ್ಯಾನ್ಸರಿನ ಕಣವೂ ರೋಗಿಯ ಅಂಕಿತವನ್ನೇ ಹೊತ್ತಿರುವುದರಿಂದ ಹೊಸ ಟಿ ಕಣಗಳು ಅದನ್ನೂ ಕೊಲ್ಲುತ್ತವೆ. ಔಷಧಿಗೆ ಅಡಗದೆ ಉಳಿದ ಕ್ಯಾನ್ಸರನ್ನು ಮುಗಿಸುವವರು ಇವರೇ. ರೋಗದ ಸೂಕ್ಷ್ಮ ಶೇಷ ಉಳಿದಿದ್ದ ರೋಗಿಗಳಲ್ಲಿ ಬಳ್ಳಿರಕ್ತ ಪಡೆದವರಿಗೆ ರೋಗ ಮರುಕಳಿಸುವುದು ಕಡಿಮೆಯೆಂದು 2016ರಲ್ಲಿ ಸಿಯಾಟಲ್ಲಿನ ವೈದ್ಯರು ಬರೆದರು. ಹಾಲೆಂಡಿನ ಲೈಡನ್ನಿನ ವಾನ್ ರೂಡ್ ಅವರು ತಮ್ಮ ಸಂಗಡಿಗರೊಡನೆ 2012ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಬಳ್ಳಿಯ ರಕ್ತದಲ್ಲಿ ಅಡಗಿ ಬಂದ ದಾನಿಯ ತಾಯಿಯ ಕೆಲವೇ ಕಣಗಳು ಕೂಡ ಕ್ಯಾನ್ಸರಿನ ಮೇಲೆ ಬೀಳುತ್ತಿರಬೇಕು ಎಂದರು. ಇದಕ್ಕೆ ಸಿಕ್ಕಿರುವುದು ಪರೋಕ್ಷ ಸಾಕ್ಷ್ಯ ಮಾತ್ರ. ಆದರೂ ಮುಖ ನೋಡದ ಮಗುವಿಗಾಗಿ ಮುಖ ನೋಡದ ತಾಯಿಯ ಕಣ ಹೋರಾಡಬಹುದು ಎಂಬುದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಇದೇ ಕಾರಣದಿಂದ ಇನ್ನೊಂದು ಮಾತನ್ನು ಹೇಳಲೇಬೇಕು. ನಿಮ್ಮ ಮಗುವಿನ ಬಳ್ಳಿಯ ರಕ್ತವನ್ನು ಅದರ ಸ್ವಂತಕ್ಕೇ ಕಾದಿಡಿ, ಮುಂದೆ ಸರ್ವರೋಗಕ್ಕೂ ಮದ್ದು ಎಂಬ ಜಾಹೀರಾತುಗಳು ನಗರದ ಗರ್ಭಿಣಿಯರ ಕೈಗೆ ಬರುತ್ತಲಿವೆ. ಸಾವಿರಗಟ್ಟಲೆ ರೂಪಾಯಿ ಕಟ್ಟಿದವರನ್ನು ನಾನು ಬಲ್ಲೆ. ರಕ್ತದ ಕ್ಯಾನ್ಸರಿಗೆ ಮಗುವಿನದೇ ರಕ್ತ ಉಪಯೋಗಕ್ಕೆ ಬರುವುದಿಲ್ಲ. ಅದರಲ್ಲಿಯೇ ರೋಗದ ಬೀಜ ಇರಬಹುದು, ಇಲ್ಲದಿದ್ದರೂ ಅದು ರೋಗವನ್ನು ಪರಕೀಯವೆಂದು ಓದುವುದಿಲ್ಲ. ಮುಂದೆ ಸ್ವಂತಕ್ಕೆ ಬೇಕಾದೀತೆಂದು ಹೀಗೆ ಕೂಡಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ ಹೇಳಿದೆ. ಮನೆಯಲ್ಲಿ ಆಗಲೇ ಇಂಥ ರೋಗದ ಮಗುವಿದ್ದು, ಹುಟ್ಟುವ ತಮ್ಮನ ಅಥವಾ ತಂಗಿಯ ರಕ್ತವನ್ನು ಅದಕ್ಕಾಗಿ ತೆಗೆದಿಡುವ ಮಾತು ಬೇರೆ.

ಈಚೆಗೆ ಬಳ್ಳಿರಕ್ತದ ಬಳಕೆ ಹಲವು ದೇಶಗಳಲ್ಲಿ ಕುಗ್ಗಿದೆ. ಅರ್ಧ ಹೊಂದುವ ತಂದೆಯಿಂದಲೋ ತಾಯಿಯಿಂದಲೋ ಮೂಲಕಣ ಪಡೆದು, ಮೂರು ನಾಲ್ಕು ದಿನಗಳಾದ ಮೇಲೆ ಒಂದು ಔಷಧಿ ಕೊಟ್ಟು ಜಗಳಗಂಟ ಕಣಗಳನ್ನು ಸವರಿಹಾಕುವ ಕ್ರಮ ಬಂದಿದೆ. ನಮ್ಮ ದೇಶದಲ್ಲೂ ಅದೇ ಹೆಚ್ಚು, ಖರ್ಚೂ ಕಡಿಮೆ. ಜಪಾನಿನಲ್ಲಿ ಮಾತ್ರ ಬಳ್ಳಿಯ ರಕ್ತಕ್ಕೆ ಇನ್ನೂ ಬಹಳ ಬೇಡಿಕೆ. ಬಳ್ಳಿರಕ್ತದ ಕಣಗಳನ್ನು ಪ್ರಯೋಗಶಾಲೆಯಲ್ಲಿ ಹೆಚ್ಚಿಸಿ ಕೊಡುವ ಕ್ರಮಕ್ಕೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿದೆ.

ಆ ಹುಡುಗಿಯ ವಿಷಯ ಹೇಳದೆ ಮುಗಿಸಿದರೆ ನೀವು ಬಿಡುವವರಲ್ಲ. ಫೆಬ್ರವರಿ ತಿಂಗಳಲ್ಲಿ ರಕ್ತ ಕೊಟ್ಟರು. ಶಸ್ತ್ರಚಿಕಿತ್ಸೆಯೇನೂ ಇಲ್ಲ, ಎದೆಯ ಕೊಳವೆಯ ಮೂಲಕ ಒಂದು ಸಣ್ಣ ಚೀಲದ ರಕ್ತ. ಅರ್ಧ ಗಂಟೆಯೂ ಆಗಲಿಲ್ಲವಂತೆ. ಕಣಗಳು ತಾವೇ ದಾರಿ ಹುಡುಕಿಕೊಂಡು ಮಜ್ಜೆಯನ್ನು ಸೇರುತ್ತವೆ. ಹನ್ನೆರಡನೆಯ ದಿನ ಜೋರು ಜ್ವರ, ಮೈಯೆಲ್ಲ ದದ್ದು. ತಾಯಿ ಅಳುತ್ತ ಫೋನು ಮಾಡಿದಳು. ಹೊಸ ಕಣಗಳು ನೆಲೆಯೂರುವ ಮುಂಚೆ ಇಂಥ ಉದ್ವೇಗ ಬಳ್ಳಿರಕ್ತದಲ್ಲಿ ಸಾಮಾನ್ಯವೆಂದು ವೈದ್ಯರು ಹೇಳಿ, ಕೆಲವು ದಿನ ಸ್ಟೀರಾಯ್ಡ್ ಕೊಟ್ಟರು, ಇಳಿಯಿತು. ಇಪ್ಪತ್ತೈದನೆಯ ದಿನ ಬಿಳಿಯ ಕಣಗಳು ಲೆಕ್ಕಕ್ಕೆ ಸಿಕ್ಕವು. ಎರಡನೆಯ ತಿಂಗಳಲ್ಲಿ ಆ ಸಿ.ಎಂ.ವಿ. ಎದ್ದಿತು, ಅದನ್ನೂ ಔಷಧಿಯಿಂದ ಹಿಡಿದರು. ದಾನಿ ಕೂಸು ಗಂಡು. ನೂರನೆಯ ದಿನದ ಪರೀಕ್ಷೆಯಲ್ಲಿ ಆ ಹುಡುಗಿಯ ರಕ್ತಕಣಗಳೆಲ್ಲ ಗಂಡುಮಗುವಿನವು!

ಹಳೆಯ ಮಜ್ಜೆಯ ಜೊತೆಗೆ ಮೈಯು ಹಿಂದೆ ಕಲಿತ ಪಾಠವೂ ಹೋಗಿತ್ತು. ಕೂಸಾಗಿದ್ದಾಗ ಹಾಕಿಸಿದ್ದ ಚುಚ್ಚುಮದ್ದುಗಳೆಲ್ಲ ವ್ಯರ್ಥ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಪೋಲಿಯೋ ಎಲ್ಲವನ್ನೂ ಮೊದಲಿನಿಂದ ಹಾಕಿಸಬೇಕಾಯಿತು. ಜೀವಂತ ವೈರಸ್ಸಿನ ದಡಾರದ ಲಸಿಕೆಗೆ ಎರಡು ವರ್ಷ ಕಾಯಬೇಕು. 2024ರ ಬೇಸಿಗೆಯಲ್ಲಿ ಅದೂ ಆಯಿತು. ಆ ದಿನ ತಾಯಿಯು ಚುಚ್ಚುಮದ್ದಿನ ಹೊಸ ಕಾರ್ಡಿನ ಚಿತ್ರವನ್ನು ನನಗೆ ಕಳುಹಿಸಿದಳು. ಎಂಟು ವರ್ಷದ ಹುಡುಗಿಗೆ ಎರಡು ವರ್ಷದ ಕೂಸಿನ ಕಾರ್ಡು. ರಕ್ತದ ಗುಂಪು ಎಂಬ ಕಡೆ ‘ಬಿ’ ಎಂದಿದ್ದುದನ್ನು ಹೊಡೆದು ಪಕ್ಕದಲ್ಲಿ ‘ಓ’ ಎಂದು ಬರೆದಿದ್ದರು.